ವಾಲ್ವ್ ಲೀನಿಯರ್‌ಗೆ ಸಾಮಾನು ಕೂಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರು ಫೋನಿನಲ್ಲಿ, ಪತ್ರದಲ್ಲಿ, ಎದುರಿಗೆ ಸಿಕ್ಕಾಗ ನನ್ನನ್ನು ಕೇಳುತ್ತಾ ಬಂದಿರುವ ಪ್ರಶ್ನೆಗಳಿವು. ಲೀನಿಯರ್ ಎಂದರೆ ಚಿಕ್ಕ ಟ್ರಾನ್ಸ್‌ಮಿಟರಿನ ಸಿಗ್ನಲ್ಲನ್ನು ಕೆಡಿಸದೆ ಅದರ ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರ್; ವಾಲ್ವ್ ಎಂದರೆ ಹಳೇ ರೇಡಿಯೊಗಳಲ್ಲಿ ಇರುತ್ತಿದ್ದ ಗಾಜಿನ ಬುರುಡೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ. ಲೆಕ್ಕ ಹೇಳಬೇಕಾದ ಕಡೆಯಲ್ಲೆಲ್ಲ ಒಂದೇ ಉದಾಹರಣೆ ಹಿಡಿದಿದ್ದೇನೆ: ಎರಡು 807 ವಾಲ್ವ್‌ಗಳನ್ನು ಪ್ಯಾರಲಲ್ ಹಾಕಿ 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸ್) ಕಟ್ಟಿದ ಲೀನಿಯರ್. ನನ್ನ ಮೇಜಿನ ಮೇಲೆ ಇರುವುದೂ ಅದೇ.

## ಕೈ ಹಾಕುವ ಮುಂಚೆ

ಈಗಿನ ಕಾಲದಲ್ಲೂ ವಾಲ್ವ್ ಯಾಕೆ ಸಾರ್? ಟ್ರಾನ್ಸಿಸ್ಟರ್‌ನಲ್ಲೇ ಆಗಲ್ವಾ?

ಆಗುತ್ತದೆ. ಚಿಕ್ಕದಾಗಿ, ಹಗುರವಾಗಿ, 12 ವೋಲ್ಟಿನಲ್ಲೇ ಆಗುತ್ತದೆ. ಆದರೆ ಮೊದಲ ಸಲ ಕಟ್ಟುವವರ ಕೈಯಲ್ಲಿ ಟ್ರಾನ್ಸಿಸ್ಟರ್ ತಪ್ಪನ್ನು ಕ್ಷಮಿಸುವುದಿಲ್ಲ. ಆಂಟೆನಾ ಕಳಚಿಕೊಂಡಿದ್ದಾಗ ಒಂದು ಸಲ ಮೈಕ್ ಒತ್ತಿದರೆ ಸಾಕು, ಮಾಸ್‌ಫೆಟ್ ಹೋಯಿತು. ವಾಲ್ವ್ ಆದರೆ ಪ್ಲೇಟ್ (ಒಳಗಿನ ಲೋಹದ ತಗಡು) ಕೆಂಪಗಾಗಿ ನಿಮಗೆ ಸುಳಿವು ಕೊಡುತ್ತದೆ. ನೀವು ಕೈ ತೆಗೆದರೆ ಮತ್ತೆ ಕಪ್ಪಗಾಗಿ ಕೆಲಸಕ್ಕೆ ನಿಲ್ಲುತ್ತದೆ. ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು. ಪೈ ನೆಟ್‌ವರ್ಕ್, ಬಯಾಸ್, ಇಂಪೀಡೆನ್ಸ್ ಎಂದು ಪುಸ್ತಕದಲ್ಲಿ ಓದಿದ್ದೆಲ್ಲ ವಾಲ್ವ್ ಲೀನಿಯರ್‌ನಲ್ಲಿ ಕಣ್ಣಿಗೆ ಕಾಣುವಷ್ಟು, ಕೈಯಲ್ಲಿ ತಿರುಗಿಸುವಷ್ಟು ದೊಡ್ಡದಾಗಿರುತ್ತದೆ.

50–60 ವ್ಯಾಟಿಗೆ ಇಷ್ಟೆಲ್ಲಾ ಒದ್ದಾಡಬೇಕಾ?

ಚಿಕ್ಕ ಟ್ರಾನ್ಸ್‌ಮಿಟರಿನ 5 ವ್ಯಾಟಿನಿಂದ 60 ವ್ಯಾಟಿಗೆ ಹೋದರೆ ಸುಮಾರು 11 ಡೆಸಿಬೆಲ್ ಏರಿಕೆ. ಕೇಳುವವರ ಎಸ್ ಮೀಟರಿನಲ್ಲಿ (ಸಿಗ್ನಲ್ ಬಲ ತೋರಿಸುವ ಮೀಟರ್) ಹತ್ತಿರ ಹತ್ತಿರ ಎರಡು ಮನೆ ಮೇಲೆ. ಗದ್ದಲದಲ್ಲಿ ಮುಳುಗಿಹೋಗುವ ದನಿಗೂ ಹೆಸರು, ಊರು ಬರೆದುಕೊಳ್ಳುವ ಹಾಗೆ ಕೇಳಿಸುವ ದನಿಗೂ ಇರುವ ವ್ಯತ್ಯಾಸ ಅಷ್ಟೇ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ವಿಠಲ ವಿಹಾರದಿಂದ ಪ್ರಸಾರ ಶುರು ಮಾಡಿದಾಗ ಅವರ ಹತ್ತಿರ ಇದ್ದದ್ದು 30 ವ್ಯಾಟಿನ ಟ್ರಾನ್ಸ್‌ಮಿಟರ್. ದೇಶವೆಲ್ಲ ಇಂದು ಹೇಳುವ ‘ಆಕಾಶವಾಣಿ’ ಎಂಬ ಹೆಸರು ಅಂಟಿದ್ದು ಆ 30 ವ್ಯಾಟಿಗೆ. ಅದೂ ವಾಲ್ವ್ ಕಾಲ. ಇದೇ ಊರಿನಲ್ಲಿ ಕೂತು 60 ವ್ಯಾಟನ್ನು ಕಡಿಮೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಲೈಸೆನ್ಸ್ ಇನ್ನೂ ಕೈಗೆ ಬಂದಿಲ್ಲ. ಸಾಮಾನು ಕೂಡಿಸ್ತಾ ಇರಬಹುದಾ?

ವಾಲ್ವ್, ತಂತಿ, ಟ್ರಾನ್ಸ್‌ಫಾರ್ಮರ್ ಕೂಡಿಸಿಡಿ, ಅಡ್ಡಿಯಿಲ್ಲ. ಜೋಡಿಸಿ ಆಂಟೆನಾಕ್ಕೆ ಹಾಕುವ ಮುಂಚೆ ಮಾತ್ರ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್) ವಿಭಾಗದ ಲೈಸೆನ್ಸ್ ಇರಲೇಬೇಕು. ಜನರಲ್ ದರ್ಜೆಯವರಿಗೆ ವಿಯು2, ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ ವಿಯು3 ಎಂದು ಕಾಲ್‌ಸೈನ್ ಶುರುವಾಗುತ್ತದೆ. ಎರಡಕ್ಕೂ ಶಕ್ತಿಯ ಮಿತಿ ಬೇರೆ ಬೇರೆ. ಲೈಸೆನ್ಸಿನಲ್ಲಿ ಬರೆದಿರುವ ಮಿತಿ ನೋಡಿಕೊಂಡೇ ಎಷ್ಟು ವಾಲ್ವ್ ಹಾಕಬೇಕೆಂದು ತೀರ್ಮಾನಿಸಿ.

ಯಾವುದನ್ನ ಮೊದಲು ತಗೋಬೇಕು? ವಾಲ್ವಾ, ಸರ್ಕ್ಯೂಟಾ?

ಎರಡೂ ಅಲ್ಲ, ಟ್ರಾನ್ಸ್‌ಫಾರ್ಮರ್.

ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನು ಓದಿ. ಬಹಳ ಜನ ಪುಸ್ತಕದಲ್ಲಿ ಚೆಂದದ ಸರ್ಕ್ಯೂಟ್ ನೋಡುತ್ತಾರೆ, ಅದರಲ್ಲಿರುವ ವಾಲ್ವನ್ನು ಹುಡುಕಿ ದುಡ್ಡು ಕೊಟ್ಟು ತರುತ್ತಾರೆ. ಆಮೇಲೆ ಅದಕ್ಕೆ 1,500 ವೋಲ್ಟ್ ಬೇಕು ಎಂದು ಗೊತ್ತಾಗುತ್ತದೆ. ಅಂಥ ಟ್ರಾನ್ಸ್‌ಫಾರ್ಮರ್ ಎಲ್ಲೂ ಸಿಗದೆ ವಾಲ್ವ್ ಹತ್ತು ವರ್ಷ ಬೀರುವಿನಲ್ಲಿ ಕೂರುತ್ತದೆ. ನನ್ನ ಬೀರುವಿನಲ್ಲೂ ಒಂದು 813 ವಾಲ್ವ್ ಹಾಗೇ ಕೂತಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಹಾಸಿಗೆ ಎಂದರೆ ಟ್ರಾನ್ಸ್‌ಫಾರ್ಮರ್. ನಿಮಗೆ ಸಿಕ್ಕ, ಇಲ್ಲವೇ ಸುತ್ತಿಸಲು ಆಗುವ ಟ್ರಾನ್ಸ್‌ಫಾರ್ಮರ್ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಕೊಡುತ್ತದೆ ಎನ್ನುವುದು ವಾಲ್ವನ್ನು ತೀರ್ಮಾನಿಸುತ್ತದೆ. ವಾಲ್ವ್ ಗೊತ್ತಾದರೆ ಪ್ಲೇಟ್ ಇಂಪೀಡೆನ್ಸ್ ಗೊತ್ತಾಯಿತು, ಅದರಿಂದ ಗ್ಯಾಂಗ್ (ಕಡ್ಡಿ ತಿರುಗಿಸಿ ಹೊಂದಿಸುವ, ಎಲೆ ಎಲೆಯ ಕಂಡೆನ್ಸರ್) ಮತ್ತು ಕಾಯಿಲ್ ಲೆಕ್ಕ ಸಿಕ್ಕಿತು. ಸರ್ಕ್ಯೂಟ್ ಕೊನೆಗೆ ತಾನಾಗಿ ಬರುತ್ತದೆ.

807 ನನಗೆ ಇಷ್ಟವಾಗುವುದೂ ಇದಕ್ಕೇ. 230 ವೋಲ್ಟಿಗೆ 230 ವೋಲ್ಟೇ ಕೊಡುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಒಂದಿದ್ದರೆ, ಡಬ್ಲರ್ (ಎಸಿಯ ತುದಿಯ ವೋಲ್ಟೇಜಿನ ಎರಡು ಪಟ್ಟು ಡಿಸಿ ಕೊಡುವ ಸರ್ಕ್ಯೂಟ್) ಹಾಕಿದಾಗ ಖಾಲಿ ಇದ್ದಾಗ 650 ವೋಲ್ಟ್, ಭಾರ ಬಿದ್ದಾಗ 600ರ ಆಸುಪಾಸು. 807ಕ್ಕೆ ಅಳತೆ ತೆಗೆದು ಹೊಲಿದ ಹಾಗೆ.

## ಹುಡುಕಾಟ

ಮೈಸೂರಲ್ಲಿ ವಾಲ್ವ್ ಎಲ್ಲಿ ಸಿಗುತ್ತೆ? ಅಂಗಡಿಯವರು ನೋಡಿ ನಗ್ತಾರೆ.

ಹೊಸ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಕೇಳಬೇಡಿ. ಹಳೆಯ ರೇಡಿಯೊ ರಿಪೇರಿಯವರನ್ನು ಹುಡುಕಿ. ಅಂಗಡಿ ಮುಚ್ಚಿ ಮಗನಿಗೆ ಮೊಬೈಲ್ ಅಂಗಡಿ ಹಾಕಿಕೊಟ್ಟವರು ಇರುತ್ತಾರೆ, ಅವರ ಮನೆ ಅಟ್ಟದಲ್ಲಿ ಪೆಟ್ಟಿಗೆ ಇರುತ್ತದೆ. ನನಗೆ ಎರಡನೇ 807 ಸಿಕ್ಕಿದ್ದು ಹಾಗೆ. ಹಿರಿಯರೊಬ್ಬರು ಬಿಸ್ಕತ್ತಿನ ಡಬ್ಬ ಇಳಿಸಿ, ಹಳೇ ಪೇಪರಿನಲ್ಲಿ ಸುತ್ತಿದ್ದ ವಾಲ್ವ್‌ಗಳನ್ನು ಒಂದೊಂದಾಗಿ ಬಿಚ್ಚಿದರು. ಪ್ರತಿಯೊಂದನ್ನೂ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೆಲ್ಲಗೆ ತಟ್ಟಿದರು. ಒಳಗೆ ಗಿಲಗಿಲ ಎಂದದ್ದನ್ನು ಪಕ್ಕಕ್ಕಿಟ್ಟು, ಸದ್ದಿಲ್ಲದ್ದನ್ನು ನನ್ನ ಕೈಗೆ ಕೊಟ್ಟರು.

ಎರಡನೆಯ ದಾರಿ ಮೈಕ್‌ಸೆಟ್‌ನವರು. ಜಾತ್ರೆ, ನಾಟಕ, ಮದುವೆಗೆ ಮೈಕ್ ಹಾಕುತ್ತಿದ್ದವರ ಹಳೆಯ ಆಂಪ್ಲಿಫೈಯರ್‌ಗಳಲ್ಲಿ 6ಎಲ್6, ಇಎಲ್34, 807 ಇರುತ್ತಿದ್ದವು. ಮಂಡ್ಯ, ಮದ್ದೂರು, ಪಾಂಡವಪುರ ಕಡೆ ಹಳ್ಳಿಗಳಲ್ಲಿ ವಿಚಾರಿಸಿ. ಇಡೀ ಸೆಟ್ ಸಿಕ್ಕರೆ ಬಿಡಬೇಡಿ. ವಾಲ್ವ್ ಜೊತೆ ಬೇಸ್ (ವಾಲ್ವ್ ಕೂರುವ ಸಾಕೆಟ್), ಛಾಸಿ (ತಗಡಿನ ಚೌಕಟ್ಟು), ಮೇನ್ಸ್ ಟ್ರಾನ್ಸ್‌ಫಾರ್ಮರ್ ಎಲ್ಲ ಬರುತ್ತವೆ. ಮೂರನೆಯದು ಬೆಂಗಳೂರಿನ ಎಸ್.ಪಿ. ರಸ್ತೆ. ಬೆಳಗಿನ ರೈಲಿಗೆ ಹೋಗಿ ಸಂಜೆ ವಾಪಸ್ ಬರಬಹುದು. ಜಾಲಹಳ್ಳಿಯ ಬಿಇಎಲ್ ಒಂದು ಕಾಲದಲ್ಲಿ ವಾಲ್ವ್ ತಯಾರಿಸುತ್ತಿತ್ತು, ಆ ಮುದ್ರೆಯ ಡಬ್ಬಗಳು ಈಗಲೂ ಕೈಗೆ ಸಿಗುವುದುಂಟು.

ನನ್ನ ಹತ್ರ ಬೇರೆ ವಾಲ್ವ್ ಇದೆ. ಅದೇ ನಡೆಯುತ್ತಾ?

ಜನ ಹೆಚ್ಚಾಗಿ ಹೇಳುವವನ್ನು ನೋಡೋಣ.

ಪಿಎಲ್504 ಹಳೆಯ ವಾಲ್ವ್ ಟಿವಿಯ ಲೈನ್ ಔಟ್‌ಪುಟ್ ವಾಲ್ವ್. ಹೀಟರ್ (ವಾಲ್ವನ್ನು ಒಳಗಿಂದ ಕಾಯಿಸುವ ತಂತಿ) 27 ವೋಲ್ಟ್, 0.3 ಆಂಪಿಯರ್. ಗಟ್ಟಿ ವಾಲ್ವೇ, ಆದರೆ ಪ್ಲೇಟ್ ತಡೆಯುವ ಶಾಖ 16 ವ್ಯಾಟ್ ಮಾತ್ರ. ಒಂದೇ ಸಮನೆ ಬಿಡುವಿಲ್ಲದೆ ಸಿಗ್ನಲ್ ಕಳಿಸಿದರೆ ಬೇಗ ಸುಸ್ತಾಗುತ್ತದೆ. ಅದರ ಅಣ್ಣ ಪಿಎಲ್519 ಸಿಕ್ಕರೆ 35 ವ್ಯಾಟ್, ಹೀಟರ್ 40 ವೋಲ್ಟ್. ಎರಡಕ್ಕೂ ಮ್ಯಾಗ್ನೋವಲ್ ಬೇಸ್ ಬೇಕು. ವಾಲ್ವ್ ಕೊಳ್ಳುವಾಗಲೇ ಬೇಸನ್ನೂ ಕೇಳಿ ತೆಗೆದುಕೊಳ್ಳಿ, ಆಮೇಲೆ ಸಿಗುವುದಿಲ್ಲ.

ಜಿಯು-50 ರಷ್ಯಾದ್ದು, ತಲೆಯ ಮೇಲೆ ಹಿಡಿಕೆಯಂಥ ಅಲ್ಯೂಮಿನಿಯಂ ಟೋಪಿ ಇರುತ್ತದೆ. ಹೀಟರ್ 12.6 ವೋಲ್ಟ್, ಪ್ಲೇಟ್ 40 ವ್ಯಾಟ್ ತಡೆಯುತ್ತದೆ, 1,000 ವೋಲ್ಟ್ ತಾಳುತ್ತದೆ. 807 ಸಿಗದಿದ್ದರೆ ನನ್ನ ಆಯ್ಕೆ ಇದೇ.

811ಎ ಟ್ರಯೋಡ್. ಫಿಲಮೆಂಟ್ 6.3 ವೋಲ್ಟಾದರೂ 4 ಆಂಪಿಯರ್ ಎಳೆಯುತ್ತದೆ, 1,250ರಿಂದ 1,500 ವೋಲ್ಟ್ ಬೇಕು. 813ಕ್ಕೆ ಫಿಲಮೆಂಟೇ 10 ವೋಲ್ಟ್ 5 ಆಂಪಿಯರ್, ಪ್ಲೇಟಿಗೆ 2,000 ವೋಲ್ಟ್. ಇವೆರಡೂ ಎರಡನೆಯ ಲೀನಿಯರ್‌ಗೆ ಸರಿ. ಮೊದಲನೆಯದಕ್ಕೆ ಬೇಡ.

ಹಳೇ ವಾಲ್ವ್‌ಗೆ ಜೀವ ಇದೆಯೋ ಇಲ್ಲವೋ ಅಂಗಡಿಯಲ್ಲೇ ಹೇಗೆ ನೋಡೋದು?

ಮೊದಲು ಗಾಜಿನ ಒಳಗೋಡೆಗೆ ಹಚ್ಚಿದ ಬೆಳ್ಳಿಯಂಥ ಕಲೆ ನೋಡಿ. ಅದು ಗೆಟರ್. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಒಳಗೆ ನಿರ್ವಾತ ಇದೆ. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಪುಕ್ಕಟೆ ಕೊಟ್ಟರೂ ಬೇಡ. ಆಮೇಲೆ ತಲೆಯ ಟೋಪಿ, ಕೆಳಗಿನ ಬುಡ ಅಲ್ಲಾಡುತ್ತವೆಯೇ ನೋಡಿ. ಸ್ವಲ್ಪ ಅಲ್ಲಾಡಿದರೆ ಅಂಟಿಸಬಹುದು, ತಂತಿ ಮುರಿದಿದ್ದರೆ ಕಷ್ಟ. ಮಲ್ಟಿಮೀಟರ್ ತಂದಿದ್ದರೆ 807ರ 1 ಮತ್ತು 5ನೇ ಪಿನ್ ನಡುವೆ ಅಳೆಯಿರಿ. ತಣ್ಣಗಿರುವ ಹೀಟರ್ 1 ಓಮ್ ಆಸುಪಾಸು ತೋರಿಸಬೇಕು. ಉಳಿದ ಪಿನ್‌ಗಳ ನಡುವೆ ಏನೂ ತೋರಿಸಬಾರದು.

ಮನೆಗೆ ತಂದ ಮೇಲೆ ಹೈ ವೋಲ್ಟೇಜ್ ಕೊಡದೆ ಬರೀ ಹೀಟರ್ ಹಚ್ಚಿ ಒಂದು ದಿನ ಬಿಡಿ. ವರ್ಷಗಟ್ಟಲೆ ಕತ್ತಲಲ್ಲಿ ಮಲಗಿದ್ದ ವಾಲ್ವ್‌ಗೆ ಇದು ಬೇಕು. ಕೆಲಸ ಮಾಡುವಾಗ ಗಾಜಿಗೆ ಅಂಟಿದಂತೆ ನೀಲಿ ಬೆಳಕು ಕಂಡರೆ ಹೆದರಬೇಡಿ, ಅದು ಸಹಜ. ಪ್ಲೇಟ್ ಮತ್ತು ಕ್ಯಾಥೋಡ್ (ಎಲೆಕ್ಟ್ರಾನ್ ಹೊರಡುವ ನಡುಭಾಗ) ನಡುವೆಯೇ ನೇರಳೆ ಮಂಜು ತುಂಬಿದರೆ ಒಳಗೆ ಗ್ಯಾಸ್ ಇದೆ ಎಂದರ್ಥ, ಕೂಡಲೇ ಆರಿಸಿ.

ಗುಜರಿಯಲ್ಲಿ ದೊಡ್ಡ ಸ್ಟೆಬಿಲೈಸರ್ ಸಿಕ್ತು. ಅದರ ಟ್ರಾನ್ಸ್‌ಫಾರ್ಮರ್ ಆಗುತ್ತಾ?

ಖಂಡಿತ ಬೇಡ. ಮನೆಗಳ ಸ್ಟೆಬಿಲೈಸರ್ ಒಳಗೆ ಇರುವುದು ಆಟೊ ಟ್ರಾನ್ಸ್‌ಫಾರ್ಮರ್. ಒಂದೇ ಸುತ್ತಿನಿಂದ ಕವಲು ತೆಗೆದಿರುತ್ತಾರೆ, ಮೇನ್ಸ್‌ಗೂ ನಿಮ್ಮ ಛಾಸಿಗೂ ನಡುವೆ ತಡೆ ಎಂಬುದೇ ಇರುವುದಿಲ್ಲ. ನಾನೂ ಒಮ್ಮೆ ‘ಐಸೊಲೇಷನ್ ಪೀಸು’ ಎಂಬ ಮಾತು ನಂಬಿ ಅಂಥದ್ದನ್ನು ಹೊತ್ತು ತಂದಿದ್ದೆ. ಮೀಟರ್ ಹಿಡಿದಾಗ ಇನ್‌ಪುಟ್ ತಂತಿಗೂ ಔಟ್‌ಪುಟ್ ತಂತಿಗೂ ನೇರ ಕಂಟಿನ್ಯೂಟಿ ತೋರಿಸಿತು. ಅಳೆಯದೆ ಕಟ್ಟಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇಂದಿಗೂ ಮೈ ಜುಂ ಎನ್ನುತ್ತದೆ. ಇಂಥ ಕಂಟಿನ್ಯೂಟಿ ಸಿಕ್ಕಿದ್ದನ್ನು ಅಲ್ಲೇ ಬಿಟ್ಟು ಬನ್ನಿ. ತಡೆ ಇದೆ ಎಂದು ಕಂಡರೂ ಮೋಟಾರ್ ರಿವೈಂಡಿಂಗ್ ಅಂಗಡಿಯವರ ಮೆಗ್ಗರ್‌ನಿಂದ ಒಂದು ಸಲ ಇನ್ಸುಲೇಷನ್ ಪರೀಕ್ಷೆ ಮಾಡಿಸಿ. ಸ್ಟೆಬಿಲೈಸರ್‌ನ ರಿಲೇ, ಮೀಟರ್, ಡಬ್ಬ ಮಾತ್ರ ಧಾರಾಳವಾಗಿ ಬಳಸಿ.

ಮೈಕ್ರೋವೇವ್ ಓವನ್ನಿಂದು?

ಅದರ ಸೆಕೆಂಡರಿ ಸುಮಾರು 2,000 ವೋಲ್ಟ್ ಕೊಡುತ್ತದೆ, ಒಂದು ತುದಿ ಕಬ್ಬಿಣಕ್ಕೇ ಕಟ್ಟಿರುತ್ತದೆ, ಮುಟ್ಟಿದವರನ್ನು ಬಿಡುವಷ್ಟು ದುರ್ಬಲವಲ್ಲ. 807ಕ್ಕೆ ಅದು ಮೂರು ಪಟ್ಟು ಹೆಚ್ಚು. ಬೇಡ.

ಟ್ರಾನ್ಸ್‌ಫಾರ್ಮರ್ ಸುತ್ತಿಸೋಣ ಅಂತಿದ್ದೀನಿ. ಸುತ್ತೋರಿಗೆ ಏನಂತ ಹೇಳಲಿ?

ಒಳ್ಳೆಯ ಯೋಚನೆ, ಅದರಲ್ಲೂ ಮಂಡ್ಯದವರಿಗೆ. ಪಂಪ್‌ಸೆಟ್ ಇರುವ ಊರಿನಲ್ಲಿ ರಿವೈಂಡಿಂಗ್ ಅಂಗಡಿ ಇದ್ದೇ ಇರುತ್ತದೆ. ಎನಾಮಲ್ ತಂತಿ ತೂಕದ ಲೆಕ್ಕದಲ್ಲಿ, ಸ್ಲೀವು, ಇನ್ಸುಲೇಷನ್ ಕಾಗದ, ವಾರ್ನಿಷ್ ಎಲ್ಲ ಒಂದೇ ಕಡೆ. ನಾನು ಹೋದಾಗ ಅಂಗಡಿಯವರು ತಂತಿಯ ತುದಿಯನ್ನು ಗೇಜ್ ಪ್ಲೇಟಿನ ಸೀಳಿಗೆ ತೂರಿಸಿ ನೋಡುತ್ತಾ, “ಎಷ್ಟು ಎಚ್‌ಪಿ ಮೋಟ್ರು ಸಾರ್?” ಎಂದರು. ಮೋಟ್ರಲ್ಲ, ರೇಡಿಯೊ ಎಂದೆ. ಕೆಲಸ ಬಿಟ್ಟು ಕೂತು ಅರ್ಧ ಗಂಟೆ ಕೇಳಿದರು, ಆಮೇಲೆ ತಾವೇ ಪದರ ಪದರಕ್ಕೂ ಕಾಗದ ಹಾಕಿ ಸುತ್ತಿಕೊಟ್ಟರು.

ಅವರಿಗೆ ಹೀಗೆ ಬರೆದು ಕೊಡಿ. ಕೋರಿನ ನಾಲಿಗೆಯ ಅಗಲ 4 ಸೆಂಟಿಮೀಟರ್, ಪೇರಿಸಿದ ದಪ್ಪ 4.5 ಸೆಂಟಿಮೀಟರ್, ಅಂದರೆ 18 ಚದರ ಸೆಂಟಿಮೀಟರ್. ಇದು 250 ವಿಎಗೆ ಸಾಕು. 50 ಹರ್ಟ್ಸ್‌ಗೆ, ಕಬ್ಬಿಣವನ್ನು ಹೆಚ್ಚು ದಣಿಸದೆ, 45ನ್ನು ಈ ಚದರದಿಂದ ಭಾಗಿಸಿದರೆ ವೋಲ್ಟಿಗೆ 2.5 ಸುತ್ತು. ಪ್ರೈಮರಿ 230 ವೋಲ್ಟಿಗೆ 575 ಸುತ್ತು, 20 ಗೇಜ್. ಸೆಕೆಂಡರಿಗೆ ನಷ್ಟ ಸೇರಿಸಿ 600 ಸುತ್ತು, 22 ಗೇಜ್. ಹೀಟರಿಗೆ 17 ಸುತ್ತು, 18 ಗೇಜ್. ಎರಡು 807 ಸೇರಿ 6.3 ವೋಲ್ಟಿನಲ್ಲಿ 1.8 ಆಂಪಿಯರ್ ಎಳೆಯುತ್ತವೆ. ಬಯಾಸಿಗೆ, ಅಂದರೆ ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ನೆಗೆಟಿವ್ ವೋಲ್ಟೇಜಿಗೆ, 40 ವೋಲ್ಟ್, 100 ಸುತ್ತು, 32 ಗೇಜಿನ ಸಣ್ಣ ತಂತಿ. ಪ್ರೈಮರಿಗೂ ಸೆಕೆಂಡರಿಗೂ ನಡುವೆ ಮೂರು ಪದರ ಕಾಗದ ಹಾಕಲು ಹೇಳಿ. ಹಳ್ಳಿ ಕಡೆ ರಾತ್ರಿ ವೋಲ್ಟೇಜ್ ಏರುವುದುಂಟು, ಹಾಗಾಗಿ ಪ್ರೈಮರಿಯಲ್ಲಿ 250 ವೋಲ್ಟಿಗೂ ಒಂದು ಕವಲು ತೆಗೆಸಿಕೊಳ್ಳಿ. ಅದಕ್ಕೆ 50 ಸುತ್ತು ಹೆಚ್ಚು. ಹೀಟರ್ 5.9ರಿಂದ 6.7 ವೋಲ್ಟಿನ ಒಳಗೆ ಉಳಿದರೆ ವಾಲ್ವ್ ಬಹುಕಾಲ ಬಾಳುತ್ತದೆ.

## ಆರ್‌ಎಫ್ (ರೇಡಿಯೊ ಫ್ರೀಕ್ವೆನ್ಸಿ) ಭಾಗಗಳು

ಹಳೇ ರೇಡಿಯೊ ಗ್ಯಾಂಗ್ ಹಾಕಿದ್ರೆ ಕಿಡಿ ಹಾರಲ್ವಾ?

ಎಲ್ಲಿ ಹಾಕುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. ಪೈ ನೆಟ್‌ವರ್ಕಿನಲ್ಲಿ ಪ್ಲೇಟ್ ಕಡೆ ಒಂದು ಗ್ಯಾಂಗ್, ಆಂಟೆನಾ ಕಡೆ ಒಂದು, ನಡುವೆ ಕಾಯಿಲ್; ಪ್ಲೇಟಿನ ದೊಡ್ಡ ಇಂಪೀಡೆನ್ಸನ್ನು ಆಂಟೆನಾದ 50 ಓಮಿಗೆ ಹೊಂದಿಸುವುದು ಅದರ ಕೆಲಸ. 600 ವೋಲ್ಟ್, 200 ಮಿಲಿಆಂಪಿಯರ್ ಲೆಕ್ಕದಲ್ಲಿ ಪ್ಲೇಟ್ ಇಂಪೀಡೆನ್ಸ್ ಸುಮಾರು 2,000 ಓಮ್. 7.1 ಮೆಗಾಹರ್ಟ್ಸ್‌ನಲ್ಲಿ, ಕ್ಯೂ (ಟ್ಯೂನಿಂಗ್ ಎಷ್ಟು ಚೂಪು ಎನ್ನುವ ಅಳತೆ) 12 ಇಟ್ಟು ಲೆಕ್ಕ ಹಾಕಿದರೆ ಪ್ಲೇಟ್ ಕಡೆ 134 ಪಿಎಫ್ (ಪಿಕೋಫ್ಯಾರಡ್), ಕಾಯಿಲ್ 4.2 ಮೈಕ್ರೋಹೆನ್ರಿ, ಆಂಟೆನಾ ಕಡೆ 725 ಪಿಎಫ್ ಬರುತ್ತದೆ.

ಆಂಟೆನಾ ಕಡೆ 50 ಓಮ್ ಇರುವುದರಿಂದ ವೋಲ್ಟೇಜ್ ಕಡಿಮೆ. 60 ವ್ಯಾಟಿಗೆ ತುದಿಯ ವೋಲ್ಟೇಜ್ 80 ದಾಟುವುದಿಲ್ಲ. ವಾಲ್ವ್ ರೇಡಿಯೊದ ಎರಡು ಸೆಕ್ಷನ್ ಗ್ಯಾಂಗನ್ನು ಪ್ಯಾರಲಲ್ ಮಾಡಿ ನಿಶ್ಚಿಂತೆಯಿಂದ ಹಾಕಿ. ಪ್ಲೇಟ್ ಕಡೆ ಮಾತ್ರ 500–600 ವೋಲ್ಟ್ ಆರ್‌ಎಫ್ ಕುಣಿಯುತ್ತದೆ. ಅಲ್ಲಿಗೆ ಎಲೆಗಳ ನಡುವೆ 1 ಮಿಲಿಮೀಟರ್ ಸಂದು ಇರುವ, 150–200 ಪಿಎಫ್‌ನ ಟ್ರಾನ್ಸ್‌ಮಿಟರ್ ಕಂಡೆನ್ಸರ್ ಬೇಕು. ಹಳೆಯ ಮಿಲಿಟರಿ ಸೆಟ್‌ಗಳ ಸಾಮಾನಿನಲ್ಲಿ ಸಿಗುತ್ತದೆ. ವಾಲ್ವ್ ಮತ್ತು ವೈರಿಂಗ್ ಸೇರಿ ಸುಮಾರು 25 ಪಿಎಫ್ ಆಗಲೇ ಇರುತ್ತದೆ, ಗ್ಯಾಂಗ್ ಉಳಿದದ್ದನ್ನು ಕೊಟ್ಟರೆ ಸಾಕು. ಕೊಳ್ಳುವಾಗ ಕಡ್ಡಿ ತಿರುಗಿಸಿ ನೋಡಿ: ಎಲೆ ಎಲೆಗೆ ತಾಗಬಾರದು. ಸ್ವಲ್ಪ ಬಾಗಿದ ಎಲೆಯನ್ನು ಹಳೇ ಪೋಸ್ಟ್‌ಕಾರ್ಡ್ ತೂರಿಸಿ ನೇರ ಮಾಡಬಹುದು.

ಕಾಯಿಲ್‌ನ ಪಿವಿಸಿ ಪೈಪ್ ಮೇಲೆ ಸುತ್ತಿದ್ರೆ ಏನಾಗುತ್ತೆ?

ಸುತ್ತಲು ಪೈಪ್ ಒಳ್ಳೆಯದು, ಉಳಿಸಿಕೊಳ್ಳಲು ಅಲ್ಲ. ಪಿವಿಸಿ ಆರ್‌ಎಫ್‌ನಲ್ಲಿ ಬಿಸಿಯಾಗುತ್ತದೆ. ನನ್ನ ಮೊದಲ ಕಾಯಿಲ್ ಪೈಪಿನ ಮೇಲೇ ಇತ್ತು. ಹತ್ತು ನಿಮಿಷ ಮಾತಾಡಿದ ಮೇಲೆ ಕಮಟು ವಾಸನೆ ಬಂತು. ಮುಚ್ಚಳ ತೆಗೆದು ನೋಡಿದರೆ ಬಿಸಿ ಕಡೆಯ ಸುತ್ತುಗಳು ಪೈಪಿನೊಳಗೆ ಅದ್ದಿ ಕೂತಿದ್ದವು.

50 ಮಿಲಿಮೀಟರ್ ಪೈಪಿನ ಮೇಲೆ 14 ಗೇಜ್ ತಾಮ್ರದ ತಂತಿಯನ್ನು ಬಿಗಿಯಾಗಿ 12 ಸುತ್ತು ಸುತ್ತಿ. ಪೈಪನ್ನು ಹೊರಗೆಳೆಯಿರಿ. ಸುರುಳಿಯನ್ನು 63 ಮಿಲಿಮೀಟರ್ ಉದ್ದಕ್ಕೆ ಹಿಗ್ಗಿಸಿದರೆ 4.2 ಮೈಕ್ರೋಹೆನ್ರಿ ಸಿದ್ಧ. ತಂತಿ ಗಟ್ಟಿಯಿರುವುದರಿಂದ ಗಾಳಿಯಲ್ಲೇ ನಿಲ್ಲುತ್ತದೆ. ಮುಂದೆ 10 ಮೀಟರ್ ಬ್ಯಾಂಡಿಗೆ ಕಟ್ಟುವವರು ಫ್ರಿಜ್, ಎಸಿ ರಿಪೇರಿಯವರನ್ನು ಕೇಳಿ, ಕಾಲು ಇಂಚಿನ ತಾಮ್ರದ ಕೊಳವೆಯ ತುಂಡು ಕೊಡುತ್ತಾರೆ.

ಪ್ಲೇಟ್ ಚೋಕ್ ಎಲ್ಲೂ ಸಿಗ್ತಿಲ್ಲ.

ಪ್ಲೇಟಿಗೆ ಡಿಸಿ ಬಿಟ್ಟು ಆರ್‌ಎಫ್ ತಡೆಯುವ ಕಾಯಿಲ್ ಅಷ್ಟೇ ಅದು, ನೀವೇ ಸುತ್ತಿ. 20 ಮಿಲಿಮೀಟರ್ ದಪ್ಪದ ಟೆಫ್ಲಾನ್ ಅಥವಾ ಸೆರಾಮಿಕ್ ಕಡ್ಡಿ, 100 ಮಿಲಿಮೀಟರ್ ಉದ್ದ ತುಂಬುವಂತೆ 0.3 ಮಿಲಿಮೀಟರ್ ಎನಾಮಲ್ ತಂತಿ ಒಂದೇ ಪದರದಲ್ಲಿ. ಸುಮಾರು 275 ಸುತ್ತು ಹಿಡಿಯುತ್ತದೆ, 270 ಮೈಕ್ರೋಹೆನ್ರಿ ಆಸುಪಾಸು. 7 ಮೆಗಾಹರ್ಟ್ಸ್‌ನಲ್ಲಿ 12,000 ಓಮ್ ಅಡ್ಡಿ, ಅಂದರೆ ಪ್ಲೇಟ್ ಇಂಪೀಡೆನ್ಸಿನ ಆರು ಪಟ್ಟು.

ಬ್ಲಾಕಿಂಗ್ ಕಂಡೆನ್ಸರ್ ಶಾರ್ಟ್ ಆದ್ರೆ ಆಂಟೆನಾಗೆ 600 ವೋಲ್ಟ್ ಹೋಗುತ್ತಾ?

ಹೋಗುತ್ತದೆ. ಪ್ಲೇಟಿನ ಡಿಸಿ ತಡೆದು ಆರ್‌ಎಫ್ ಮಾತ್ರ ಆಂಟೆನಾ ಕಡೆ ಬಿಡುವುದೇ ಈ ಕಂಡೆನ್ಸರಿನ ಕೆಲಸ. ಈ ಪ್ರಶ್ನೆ ಕೇಳಿದವರು ಮಂಡ್ಯದ ಒಬ್ಬ ಕಾಲೇಜು ಹುಡುಗ. ಇಷ್ಟು ಮುಂದಾಲೋಚನೆ ಇರುವವರ ಕೈಗೆ ಸೋಲ್ಡರಿಂಗ್ ಐರನ್ ಕೊಡಲು ನನಗೆ ಯಾವ ಹೆದರಿಕೆಯೂ ಇಲ್ಲ. ಪಿಕ್ಚರ್ ಟ್ಯೂಬ್ ಟಿವಿಗಳ ಹೈ ವೋಲ್ಟೇಜ್ ಭಾಗದಿಂದ ತೆಗೆದ 1,000 ಪಿಎಫ್, 2 ಕಿಲೋವೋಲ್ಟ್ ಸೆರಾಮಿಕ್ ಡಿಸ್ಕ್‌ಗಳನ್ನು ಎರಡು ಪ್ಯಾರಲಲ್ ಹಾಕಿ, ಕರೆಂಟ್ ಹಂಚಿಹೋಗುತ್ತದೆ. ಅದರ ಜೊತೆಗೆ ಆಂಟೆನಾ ಸಾಕೆಟ್‌ನಿಂದ ಛಾಸಿಗೆ 2.5 ಮಿಲಿಹೆನ್ರಿ ಚೋಕ್ ಒಂದನ್ನು ಮರೆಯದೆ ಹಾಕಿ. ಕಂಡೆನ್ಸರ್ ಕೈಕೊಟ್ಟರೆ ಡಿಸಿ ಪೂರ್ತಿ ಈ ಚೋಕ್ ಮೂಲಕ ನೆಲಕ್ಕೆ ಇಳಿದು ಫ್ಯೂಸ್ ಹಾರುತ್ತದೆ, ಮಾಳಿಗೆಯ ಮೇಲಿನ ತಂತಿ ಮುಟ್ಟಿದವರು ಉಳಿಯುತ್ತಾರೆ.

5 ವ್ಯಾಟ್ ಬಿಟ್‌ಎಕ್ಸ್ ಇದೆ. ಡ್ರೈವ್ ಸಾಕಾಗುತ್ತಾ?

ಬೇಕಾದಷ್ಟಾಯಿತು. ಬಿಟ್‌ಎಕ್ಸ್ ಎಂದರೆ ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುವ ಚಿಕ್ಕ ಟ್ರಾನ್ಸೀವರ್; ಅದು ಲೀನಿಯರ್‌ಗೆ ಕೊಡುವ ಸಿಗ್ನಲ್ಲೇ ಡ್ರೈವ್. 50 ಓಮನ್ನು 200 ಓಮಿಗೆ ಏರಿಸುವ ಚಿಕ್ಕ ಫೆರೈಟ್ ಟ್ರಾನ್ಸ್‌ಫಾರ್ಮರ್ ಹಾಕಿ, ಗ್ರಿಡ್‌ನಿಂದ (ವಾಲ್ವಿಗೆ ಸಿಗ್ನಲ್ ಒಳಹೋಗುವ ಪಿನ್) ನೆಲಕ್ಕೆ 200 ಓಮಿನ ಕಾರ್ಬನ್ ರೆಸಿಸ್ಟರ್ ಕೊಡಿ. 25 ವೋಲ್ಟ್ ಬಯಾಸ್ ಇದ್ದಾಗ 2 ವ್ಯಾಟಿನೊಳಗೇ 807 ಪೂರ್ತಿ ಎಚ್ಚರವಾಗುತ್ತದೆ. ಆ ರೆಸಿಸ್ಟರ್ ಇನ್ನೊಂದು ಉಪಕಾರವನ್ನೂ ಮಾಡುತ್ತದೆ: 807 ಬಹಳ ಚುರುಕು, ಗ್ರಿಡ್ ಸಡಿಲ ಬಿಟ್ಟರೆ ತಾನೇ ಕೂಗಲು ಶುರು ಮಾಡುತ್ತದೆ. 200 ಓಮ್ ಅದನ್ನು ಹಿಡಿದು ನಿಲ್ಲಿಸುತ್ತದೆ. 100 ವ್ಯಾಟಿನ ರಿಗ್ ಇರುವವರು ಇದಕ್ಕೆ ನೇರ ಜೋಡಿಸಲೇಬಾರದು.

## ಪವರ್ ಸಪ್ಲೈ ಮತ್ತು ಮೊದಲ ಬೆಳಕು

ಡಬ್ಲರ್‌ಗೆ ಯಾವ ಡಯೋಡು, ಎಷ್ಟು ಎಂಎಫ್‌ಡಿ?

ಡಯೋಡ್ 1ಎನ್5408 ಎರಡು. 1,000 ವೋಲ್ಟ್, 3 ಆಂಪಿಯರ್ ತಾಳುತ್ತದೆ. ಇಲ್ಲಿ ಬೀಳುವುದು 650. ಕಂಡೆನ್ಸರ್ 220 ಎಂಎಫ್‌ಡಿ (ಮೈಕ್ರೋಫ್ಯಾರಡ್), 450 ವೋಲ್ಟ್ ಎರಡು. ಹಳೇ ಬೋರ್ಡಿನಿಂದ ಕಿತ್ತದ್ದು ಇಲ್ಲಿ ಬೇಡ, ತಲೆ ಉಬ್ಬಿದ್ದಂತೂ ಬೇಡವೇ ಬೇಡ. ಈ ಒಂದು ಸಾಮಾನನ್ನು ಹೊಸದಾಗಿ ಕೊಳ್ಳಿ. ಪ್ರತಿ ಕಂಡೆನ್ಸರ್ ಮೇಲೂ 47 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಅಡ್ಡ ಹಾಕಿ. ಅದು ವೋಲ್ಟೇಜನ್ನು ಸಮನಾಗಿ ಹಂಚುತ್ತದೆ, ಸ್ವಿಚ್ ಆರಿಸಿದ ಮೇಲೆ ಒಂದು ನಿಮಿಷದೊಳಗೆ ಚಾರ್ಜ್ ಇಳಿಸುತ್ತದೆ.

ಸ್ಕ್ರೀನ್‌ಗೆ ಬೇರೆ ಟ್ರಾನ್ಸ್‌ಫಾರ್ಮರ್ ಬೇಕಾ?

ಬೇಡ. ಸ್ಕ್ರೀನ್ ಎಂದರೆ ಗ್ರಿಡ್ಡಿಗೂ ಪ್ಲೇಟಿಗೂ ನಡುವೆ ಇರುವ ಎರಡನೆಯ ಗ್ರಿಡ್. ಡಬ್ಲರ್‌ನ ನಡು ಬಿಂದುವಿನಲ್ಲಿ 300 ವೋಲ್ಟ್ ಚಿಲ್ಲರೆ ಇದೆಯಲ್ಲ, ಅಲ್ಲಿಂದ 1.8 ಕಿಲೋ ಓಮ್ 5 ವ್ಯಾಟ್ ರೆಸಿಸ್ಟರ್ ಮೂಲಕ ತೆಗೆದು, 51 ವೋಲ್ಟಿನ 5 ವ್ಯಾಟ್ ಝೀನರ್ ಐದನ್ನು ಸಾಲಾಗಿ ಕಟ್ಟಿ. 255 ವೋಲ್ಟ್ ಅಲ್ಲಾಡದೆ ನಿಲ್ಲುತ್ತದೆ. 807ರ ಸ್ಕ್ರೀನ್ 300 ವೋಲ್ಟ್ ದಾಟಬಾರದು. ಇನ್ನೊಂದು ಮಾತು: ಪ್ಲೇಟ್ ಟೋಪಿಯ ಕ್ಲಿಪ್ ಕಳಚಿರುವಾಗ ಸ್ಕ್ರೀನಿಗೆ ವೋಲ್ಟೇಜ್ ಹೋದರೆ ಎಲ್ಲ ಕರೆಂಟೂ ಸ್ಕ್ರೀನ್ ಮೇಲೇ ಬಿದ್ದು ಅದು ಸುಟ್ಟುಹೋಗುತ್ತದೆ. ಕ್ಲಿಪ್ ಬಿಗಿಯಾಗಿರಲಿ.

ಮೀಟರು, ಡಬ್ಬ, ಫ್ಯಾನು?

ಪ್ಲೇಟ್ ಕರೆಂಟಿಗೆ 300 ಮಿಲಿಆಂಪಿಯರ್ ಮುಳ್ಳಿನ ಮೀಟರ್ ಒಂದು ಇರಲೇಬೇಕು, ಗ್ಯಾಂಗ್ ಸರಿಯಾದ ಜಾಗಕ್ಕೆ ಬಂದಾಗ ಕರೆಂಟ್ ಇಳಿಯುವ ‘ಡಿಪ್’ ಡಿಜಿಟಲ್‌ನಲ್ಲಿ ಕಾಣುವುದಿಲ್ಲ. ಡಬ್ಬಕ್ಕೆ ಸತ್ತ ಯುಪಿಎಸ್ ಕ್ಯಾಬಿನೆಟ್ ಸಾಕು. ವಾಲ್ವ್ ಮೇಲೆ ತೂತಿರುವ ತಗಡು, ಪಕ್ಕದಲ್ಲಿ ಕಂಪ್ಯೂಟರಿನ 12 ವೋಲ್ಟ್ ಫ್ಯಾನು.

ಮನೆಯಲ್ಲಿ ಹೆದರ್ತಾರೆ. ನಿಜವಾಗ್ಲೂ ಅಷ್ಟು ಅಪಾಯನಾ?

ಹೌದು. ಮನೆಯವರು ಹೇಳುವುದು ಸರಿ. 650 ವೋಲ್ಟಿನಲ್ಲಿ ಆ ಎರಡು ಕಂಡೆನ್ಸರ್ ಸೇರಿ 23 ಜೌಲ್ ಹಿಡಿದು ಕೂತಿರುತ್ತವೆ, ಎದೆಯ ಮೂಲಕ ಹಾದರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ನನ್ನ ಮೇಜಿನಲ್ಲಿ ಕೆಲವು ಕಟ್ಟುಪಾಡುಗಳಿವೆ. ಮುಚ್ಚಳ ತೆಗೆಯುವ ಮುಂಚೆ ಪ್ಲಗ್ಗನ್ನೇ ಕಿತ್ತು ಕಣ್ಣೆದುರಿಗೆ ಇಡುತ್ತೇನೆ. ಎರಡು ನಿಮಿಷ ಕಾಯುತ್ತೇನೆ. ಆಮೇಲೆ ಒಣ ಬಿದಿರು ಕೋಲಿನ ತುದಿಗೆ ಕಟ್ಟಿದ, ಛಾಸಿಗೆ ಜೋಡಿಸಿದ ತಂತಿಯನ್ನು ಪ್ಲೇಟ್ ಟೋಪಿಗೆ ಮುಟ್ಟಿಸಿ, ಅಲ್ಲೇ ತಗುಲಿಹಾಕುತ್ತೇನೆ. ಅಳೆಯುವಾಗ ಎಡಗೈ ಜೇಬಿನಲ್ಲಿ. ಕಾಲಲ್ಲಿ ರಬ್ಬರ್ ಚಪ್ಪಲಿ. ಮನೆಯ ಅರ್ಥಿಂಗ್ ಸರಿಯಿದೆ ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳುವ ತನಕ ಈ ಕೆಲಸ ಶುರು ಮಾಡಬೇಡಿ. ನಿದ್ದೆಗಣ್ಣಿನಲ್ಲಿ, ಒಬ್ಬರೇ ಇರುವಾಗ ಬೇಡ. ಮನೆಯವರಿಗೆ ಮೇನ್ ಸ್ವಿಚ್ ಯಾವುದು ಎಂದು ತೋರಿಸಿಡಿ.

ಎಲ್ಲಾ ಜೋಡಿಸಿದ್ದಾಯ್ತು. ಮೊದಲ ಸಲ ಕರೆಂಟ್ ಹೇಗೆ ಕೊಡಲಿ?

ಸೀರೀಸ್ ಬಲ್ಬ್ ಮೂಲಕ. ಎಲೆಕ್ಟ್ರಿಷಿಯನ್‌ಗಳು ಇಟ್ಟುಕೊಳ್ಳುವ ಸೀರೀಸ್ ಬೋರ್ಡಿಗೆ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕಿ. ವಾಲ್ವ್ ಹಾಕದೆ ಸ್ವಿಚ್ ಒತ್ತಿ. ಬಲ್ಬ್ ಒಮ್ಮೆ ಮಿನುಗಿ ಮಂದವಾದರೆ ಸರಿ. ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ, ಆದರೆ ಏನೂ ಸುಟ್ಟಿರುವುದಿಲ್ಲ.

ಅದಾದ ಮೇಲೆ ವಾಲ್ವ್ ಹಾಕಿ, ಬಯಾಸನ್ನು ಪೂರ್ತಿ ನೆಗೆಟಿವ್ ಕಡೆ ತಿರುಗಿಸಿಟ್ಟು, ಬಲ್ಬ್ ಬಿಟ್ಟು ನೇರ ಕೊಡಿ. ಹೀಟರ್ ಕೆಂಪಾಗಲು ಒಂದು ನಿಮಿಷ ಬಿಡಿ. ಬಯಾಸನ್ನು ಮೆಲ್ಲಗೆ ಇಳಿಸುತ್ತಾ ಎರಡೂ ವಾಲ್ವ್ ಸೇರಿ 60 ಮಿಲಿಆಂಪಿಯರ್‌ಗೆ ತನ್ನಿ. ಔಟ್‌ಪುಟ್‌ಗೆ ಆಂಟೆನಾ ಬೇಡ, ಡಮ್ಮಿ ಲೋಡ್ ಇರಲಿ: 1 ಕಿಲೋ ಓಮ್ 3 ವ್ಯಾಟ್ ಮೆಟಲ್ ಆಕ್ಸೈಡ್ ರೆಸಿಸ್ಟರ್ ಇಪ್ಪತ್ತನ್ನು ಎರಡು ತಗಡಿನ ನಡುವೆ ಪ್ಯಾರಲಲ್ ಬೆಸೆದರೆ 50 ಓಮ್, 60 ವ್ಯಾಟ್.

ಡ್ರೈವ್ ಕೊಡ್ದೇ ಇದ್ರೂ ಮೀಟರ್ ಮುಳ್ಳು ಕುಣಿಯುತ್ತೆ, ಗ್ಯಾಂಗ್ ತಿರುಗಿಸಿದ್ರೆ ಡಿಪ್ಪೂ ಸರಿಯಾಗಿ ಬರಲ್ಲ. ಏನಾಗಿದೆ?

ವಾಲ್ವ್ ತಾನೇ ಆಸಿಲೇಟ್ ಆಗುತ್ತಿದೆ, ಅಂದರೆ ಡ್ರೈವ್ ಇಲ್ಲದೆಯೇ ಕೂಗುತ್ತಿದೆ. ಹೆಚ್ಚಿನ ಸಲ ಅದು 40 ಮೀಟರಿನಲ್ಲಲ್ಲ, ಎಲ್ಲೋ ಮೇಲೆ ವಿಎಚ್‌ಎಫ್‌ನಲ್ಲಿ. ಪ್ಲೇಟ್ ಟೋಪಿಯಿಂದ ಗ್ಯಾಂಗಿನವರೆಗಿನ ತಂತಿಯೇ ಅಲ್ಲಿಗೆ ಕಾಯಿಲ್ ಆಗಿಬಿಡುತ್ತದೆ. ಪ್ರತಿ ಟೋಪಿಯ ಹತ್ತಿರವೂ 47 ಓಮ್ 2 ವ್ಯಾಟ್ ಕಾರ್ಬನ್ ರೆಸಿಸ್ಟರ್ ಮೇಲೆ 18 ಗೇಜ್ ತಂತಿ ಐದು ಸುತ್ತು ಸುತ್ತಿ, ಎರಡು ತುದಿ ಬೆಸೆದು ಸರಣಿಯಲ್ಲಿ ಹಾಕಿ. ವೈರ್‌ವೂಂಡ್ ರೆಸಿಸ್ಟರ್ ಇಲ್ಲಿ ಕೆಲಸಕ್ಕೆ ಬಾರದು, ಅದೂ ಒಂದು ಕಾಯಿಲ್ಲೇ. ಗ್ರಿಡ್ ಪಿನ್ನಿಗೂ ಬುಡದಲ್ಲೇ 47 ಓಮ್ ಕೊಡಿ. ಸ್ಕ್ರೀನ್ ಪಿನ್ನಿನಿಂದ ಕ್ಯಾಥೋಡಿಗೆ 0.01 ಎಂಎಫ್‌ಡಿ ಡಿಸ್ಕನ್ನು ಕಾಲು ಎಷ್ಟು ಚಿಕ್ಕದಾಗುತ್ತದೋ ಅಷ್ಟು ಕತ್ತರಿಸಿ ಹಾಕಿ. ಎರಡು ವಾಲ್ವ್ ಇದ್ದರೆ ಎರಡಕ್ಕೂ ಬೇರೆ ಬೇರೆ.

ಇಷ್ಟಾದ ಮೇಲೂ ಕುಣಿದರೆ ಗ್ರಿಡ್ ಕಡೆಯ ಸಾಮಾನು ಛಾಸಿಯ ಕೆಳಗೆ, ಪ್ಲೇಟ್ ಕಡೆಯದು ಮೇಲೆ ಇದೆಯೇ ನೋಡಿ. ನನ್ನದರಲ್ಲಿ ಆಂಟೆನಾ ರಿಲೇಯ ಒಂದು ತಂತಿ ಗ್ರಿಡ್ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಹಾದುಹೋಗಿತ್ತು. ನಾಲ್ಕು ಸಂಜೆ ಹುಡುಕಿ, ಅದನ್ನು ಕೋಆಕ್ಸ್ ತುಂಡಿನಿಂದ ಬದಲಿಸಿ, ಹೊರ ಜಾಲರಿಯನ್ನು ಎರಡೂ ತುದಿಯಲ್ಲಿ ಛಾಸಿಗೆ ಬೆಸೆದೆ. ಮುಳ್ಳು 60ರ ಮೇಲೆ ಕೂತಿತು. ಪ್ಲೇಟ್ ಗ್ಯಾಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದೆ, ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಡ್ರೈವ್ ಕೊಟ್ಟು ತಿರುಗಿಸಿದಾಗ 200ರಿಂದ ಸರಕ್ಕನೆ ಕೆಳಗಿಳಿದು ಮತ್ತೆ ಏರಿತು. ಅದೇ ಡಿಪ್.